ಪ್ರಶ್ನೋತ್ತರ: ಡ್ರೋನಿನ ಗೈರೊಗೆ ಶೂನ್ಯ ತಿಳಿಸುವುದು ಹೇಗೆ?

ಡ್ರೋನ್ ಕಟ್ಟುವ ಮತ್ತು ಹಾರಿಸುವ ಓದುಗರಿಂದ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯದ ಸುತ್ತ ಇದ್ದುದರಿಂದ, ಈ ಬಾರಿಯ ಅಂಕಣವನ್ನು ಹಾರಾಟವನ್ನು ನಿಯಂತ್ರಿಸುವ ಬೋರ್ಡಾದ ಫ್ಲೈಟ್ ಕಂಟ್ರೋಲರಿನಲ್ಲಿರುವ ಗೈರೊಸ್ಕೋಪ್ ಸೆನ್ಸರ್ ಮತ್ತು ಅದರ ಕ್ಯಾಲಿಬ್ರೇಶನ್‌ಗೆ ಪೂರ್ತಿಯಾಗಿ ಮೀಸಲಿಟ್ಟಿದ್ದೇವೆ. ಪತ್ರಗಳನ್ನು ಸಂಕ್ಷೇಪಿಸಲಾಗಿದೆ.

ಪ್ರಶ್ನೆ: ನಾನು ಇಂಜಿನಿಯರಿಂಗ್ ಮೂರನೇ ವರ್ಷದ ವಿದ್ಯಾರ್ಥಿ. ಐದು ಇಂಚಿನ ಪ್ರೊಪೆಲ್ಲರ್‌ಗಳ ಕ್ವಾಡ್‌ಕಾಪ್ಟರ್ ಕಟ್ಟಿದ್ದೇನೆ. ಅದರಲ್ಲಿರುವುದು ಬೀಟಾಫ್ಲೈಟ್ ತಂತ್ರಾಂಶ. ಬ್ಯಾಟರಿ ಜೋಡಿಸಿದ ಕೂಡಲೇ ಆರ್ಮ್ ಮಾಡಲು (ಮೋಟರ್‌ಗಳನ್ನು ಹಾರಾಟಕ್ಕೆ ಸಿದ್ಧಗೊಳಿಸಲು) ಹೋದರೆ ಕೆಲವೊಮ್ಮೆ ಮೋಟರ್ ತಿರುಗುವುದೇ ಇಲ್ಲ, ‘ಕ್ಯಾಲಿಬ್’ ಎಂಬ ಸೂಚನೆ ಬರುತ್ತದೆ. ಸ್ವಲ್ಪ ಹೊತ್ತಿನ ನಂತರ ತಾನಾಗಿಯೇ ಸರಿಹೋಗುತ್ತದೆ. ಕಂಪ್ಯೂಟರಿನಲ್ಲಿ ಸೆಟ್ಟಿಂಗ್ ಬದಲಿಸುವ ಕಾನ್ಫಿಗರೇಟರ್‌ನಲ್ಲಿ ಕ್ಯಾಲಿಬ್ರೇಟ್ ಬಟನ್ ಒತ್ತಿ ನೋಡಿದರೂ ವ್ಯತ್ಯಾಸವಾಗಿಲ್ಲ. ಆ ಹೊತ್ತಿನಲ್ಲಿ ಒಳಗೆ ಏನು ನಡೆಯುತ್ತಿರುತ್ತದೆ?
– ವಿದ್ಯಾರ್ಥಿ, ತುಮಕೂರು

ಉತ್ತರ: ಗೈರೊ ಅಳೆಯುವುದು ಕೋನವನ್ನಲ್ಲ, ಕೋನ ಬದಲಾಗುವ ವೇಗವನ್ನು. ರೋಲ್ (ಪಕ್ಕಕ್ಕೆ ವಾಲುವುದು), ಪಿಚ್ (ಹಿಂದೆ ಮುಂದೆ ವಾಲುವುದು), ಯಾ (ಮಟ್ಟವಾಗಿದ್ದುಕೊಂಡೇ ಎಡಕ್ಕೋ ಬಲಕ್ಕೋ ತಿರುಗುವುದು) ಎಂಬ ಮೂರು ಅಕ್ಷಗಳ ಸುತ್ತ ಡ್ರೋನ್ ಸೆಕೆಂಡಿಗೆ ಎಷ್ಟು ಡಿಗ್ರಿ ತಿರುಗುತ್ತಿದೆ ಎಂಬುದನ್ನು ಅದು ಸೆಕೆಂಡಿಗೆ ಸಾವಿರಾರು ಬಾರಿ ಫ್ಲೈಟ್ ಕಂಟ್ರೋಲರಿಗೆ ತಿಳಿಸುತ್ತಿರುತ್ತದೆ. ಚಿಪ್ಪಿನೊಳಗೆ ತಿರುಗುವ ಚಕ್ರವೇನೂ ಇಲ್ಲ. ಸಿಲಿಕಾನ್‌ನಲ್ಲಿ ಕೊರೆದ ಅತಿ ಸಣ್ಣ ತುಣುಕುಗಳು ಸದಾ ಕಂಪಿಸುತ್ತಿರುತ್ತವೆ. ಹವ್ಯಾಸಿಗಳಿಗೆ ಚಿರಪರಿಚಿತವಾದ ಎಂಪಿಯು-6050 ಚಿಪ್ಪಿನಲ್ಲಿ ಈ ಕಂಪನ ಸುಮಾರು 27ರಿಂದ 33 ಕಿಲೋಹರ್ಟ್ಸ್‌ನಷ್ಟು. ಚಿಪ್ಪು ತಿರುಗಿದಾಗ ಕೊರಿಯೋಲಿಸ್ ಬಲದಿಂದಾಗಿ ಈ ತುಣುಕುಗಳು ಪಕ್ಕಕ್ಕೆ ಅತ್ಯಲ್ಪವಾಗಿ ಸರಿಯುತ್ತವೆ. ಹಾಗೆ ಸರಿದದ್ದನ್ನು ಧಾರಕತೆಯ ವ್ಯತ್ಯಾಸವಾಗಿ ಅಳೆದು ಸಂಖ್ಯೆಯಾಗಿ ಪರಿವರ್ತಿಸಲಾಗುತ್ತದೆ. ಇಷ್ಟು ಸೂಕ್ಷ್ಮವಾದ ರಚನೆ ಎಲ್ಲ ಕಡೆಯೂ ಒಂದೇ ಸಮನಾಗಿ ಬರುವುದು ಸಾಧ್ಯವಿಲ್ಲ. ಜೊತೆಗೆ ಬೋರ್ಡಿಗೆ ಬೆಸುಗೆ ಹಾಕಿದಾಗ ಚಿಪ್ಪಿನ ಮೇಲೆ ಬೀಳುವ ಬಿಗಿತ ಮತ್ತು ಉಷ್ಣತೆ ಕೂಡ ಸೇರಿಕೊಂಡು, ಮೇಜಿನ ಮೇಲೆ ಸುಮ್ಮನೆ ಕುಳಿತ ಗೈರೊ ಸಹ ಸೊನ್ನೆಯ ಬದಲು ಯಾವುದೋ ಒಂದು ಚಿಕ್ಕ ವೇಗವನ್ನು ತೋರಿಸುತ್ತಿರುತ್ತದೆ. ಪಿಯುಸಿಯ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಸ್ಕ್ರೂ ಗೇಜಿನ ಶೂನ್ಯ ದೋಷವನ್ನು ಮೊದಲು ಬರೆದುಕೊಂಡು, ನಂತರದ ಪ್ರತಿ ಅಳತೆಯಿಂದಲೂ ಅದನ್ನು ಕಳೆಯುತ್ತಿದ್ದುದು ನಿಮಗೆ ನೆನಪಿರಬಹುದು. ಗೈರೊ ಕ್ಯಾಲಿಬ್ರೇಶನ್ ಎಂದರೆ ಅಷ್ಟೇ, ಅದಕ್ಕಿಂತ ಹೆಚ್ಚಿನದೇನೂ ಅಲ್ಲ.

ಈ ದೋಷ ಎಷ್ಟಿರಬಹುದು? ಎಂಪಿಯು-6050ರ ತಾಂತ್ರಿಕ ವಿವರಪತ್ರದ ಪ್ರಕಾರ ಸೆಕೆಂಡಿಗೆ 20 ಡಿಗ್ರಿಯವರೆಗೆ ಆಚೀಚೆ ಇರಬಹುದು. ಐಸಿಎಂ-42688-ಪಿಯಂತಹ ಹೊಸ ಚಿಪ್ಪಿನಲ್ಲಿ ಇದು ಸಾಮಾನ್ಯವಾಗಿ ಅರ್ಧ ಡಿಗ್ರಿಯ ಆಸುಪಾಸು. ಅರ್ಧ ಡಿಗ್ರಿ ಎಂದರೆ ಕ್ಷುಲ್ಲಕವೆನಿಸಬಹುದು, ಆದರೆ ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 2000 ಡಿಗ್ರಿಯ ವ್ಯಾಪ್ತಿಯಲ್ಲಿ ಎಂಪಿಯು-6050ರ ಪ್ರತಿ ಡಿಗ್ರಿಗೆ 16.4 ಎಣಿಕೆ (ಚಿಪ್ಪು ಹೊರಗೆ ಕೊಡುವ ಅಂಕಿ) ಬರುತ್ತದೆ. ನಿಶ್ಚಲವಾಗಿರುವ ಚಿಪ್ಪು ಯಾ ಅಕ್ಷದಲ್ಲಿ ಸರಾಸರಿ 41 ಎಣಿಕೆ ತೋರಿಸಿದರೆ ಅದು ಸೆಕೆಂಡಿಗೆ 2.5 ಡಿಗ್ರಿಗೆ ಸಮ. ಇದನ್ನು ಕಳೆಯದೆ ಹಾರಿಸಿದರೆ, ಫ್ಲೈಟ್ ಕಂಟ್ರೋಲರು ಡ್ರೋನ್ ಒಂದು ಕಡೆಗೆ ತಿರುಗುತ್ತಿದೆ ಎಂದು ನಂಬಿ, ಆ ಇಲ್ಲದ ತಿರುಗುವಿಕೆಯನ್ನು ತಡೆಯಲು ಮೋಟರ್‌ಗಳನ್ನು ಬಳಸಿ, ಡ್ರೋನನ್ನು ನಿಜವಾಗಿಯೂ ಎದುರು ದಿಕ್ಕಿಗೆ ಅದೇ ವೇಗದಲ್ಲಿ ತಿರುಗಿಸುತ್ತದೆ. ನೀವು ಸ್ಟಿಕ್ ಮುಟ್ಟದಿದ್ದರೂ 2 ನಿಮಿಷ 24 ಸೆಕೆಂಡಿನಲ್ಲಿ ಅದು ಒಂದು ಪೂರ್ಣ ಸುತ್ತು ಬಂದಿರುತ್ತದೆ.

ಬೀಟಾಫ್ಲೈಟ್ ಪ್ರತಿ ಬಾರಿ ವಿದ್ಯುತ್ ಬಂದಾಗಲೂ ಈ ಶೂನ್ಯ ದೋಷವನ್ನು ಹೊಸದಾಗಿ ಅಳೆಯುತ್ತದೆ. ಸಾಮಾನ್ಯ ಸೆಟ್ಟಿಂಗ್‌ನಲ್ಲಿ 1.25 ಸೆಕೆಂಡು ಕಾಲ ಮೂರೂ ಅಕ್ಷಗಳ ಅಂಕಿಗಳನ್ನು ಕೂಡಿಹಾಕಿ, ಸರಾಸರಿಯನ್ನೂ ಅದರ ಜೊತೆಗೆ ಅಂಕಿಗಳು ಎಷ್ಟು ಚದುರಿವೆ ಎಂಬ ಮಾನಕ ವಿಚಲನೆಯನ್ನೂ ಲೆಕ್ಕ ಹಾಕುತ್ತದೆ. ಚದುರುವಿಕೆ ನಿಗದಿತ ಮಿತಿಯನ್ನು, ಅಂದರೆ ಸಾಮಾನ್ಯವಾಗಿ 48 ಎಂಬ ಅಂಕಿಯನ್ನು, ದಾಟಿದರೆ ಡ್ರೋನ್ ಅಲುಗಾಡುತ್ತಿದೆ ಎಂದು ತೀರ್ಮಾನಿಸಿ, ಲೆಕ್ಕವನ್ನೆಲ್ಲ ಬಿಸುಟು ಮತ್ತೆ ಮೊದಲಿನಿಂದ ಶುರು ಮಾಡುತ್ತದೆ. ನಿಮಗೆ ಕಾಣುವ ‘ಕ್ಯಾಲಿಬ್’ ಸೂಚನೆ ಇದೇ. ಬ್ಯಾಟರಿ ಸಿಕ್ಕಿಸಿದ ಕೈಯಿಂದಲೇ ಬೆಲ್ಟ್ ಬಿಗಿಯುತ್ತ, ಆಂಟೆನಾ ನೇರ ಮಾಡುತ್ತ ನಿಂತಿದ್ದರೆ ಅದು ಎಷ್ಟು ಹೊತ್ತಾದರೂ ಮುಗಿಯುವುದಿಲ್ಲ. ಬೆಲ್ಟ್ ಮೊದಲು ಬಿಗಿದು, ಬ್ಯಾಟರಿಯ ತಂತಿಯನ್ನು ಕೊನೆಗೆ ಜೋಡಿಸಿ, ಡ್ರೋನನ್ನು ನೆಲದ ಮೇಲಿಟ್ಟು ಕೈ ತೆಗೆಯಿರಿ. ಬಜರ್ ಇದ್ದರೆ ಕೆಲಸ ಮುಗಿದಾಗ ಅದೇ ಸದ್ದು ಮಾಡಿ ತಿಳಿಸುತ್ತದೆ.

ಇನ್ನು ನೀವು ಒತ್ತಿದ ಬಟನ್‌ನ ವಿಷಯ. ಕಾನ್ಫಿಗರೇಟರ್‌ನ ಮೊದಲ ಪುಟದಲ್ಲಿರುವುದು ಆಕ್ಸೆಲರೋಮೀಟರ್ (ವೇಗೋತ್ಕರ್ಷವನ್ನು ಅಳೆಯುವ ಸೆನ್ಸರ್) ಕ್ಯಾಲಿಬ್ರೇಶನ್ ಬಟನ್. ಅದು ಗೈರೊವನ್ನು ಮುಟ್ಟುವುದಿಲ್ಲ. ಬ್ಯಾಟರಿ ತೆಗೆಯದೆ ಗೈರೊವನ್ನು ಮತ್ತೆ ಶೂನ್ಯಕ್ಕೆ ತರಬೇಕೆಂದಿದ್ದರೆ ರಿಮೋಟಿನ ಸ್ಟಿಕ್‌ಗಳಿಂದ ಸಂಜ್ಞೆ ಕೊಡಬೇಕು. ಎಡಗೈಯಲ್ಲಿ ಥ್ರಾಟಲ್ ಇರುವ ಮೋಡ್ 2 ರಿಮೋಟಿನಲ್ಲಿ, ಡಿಸ್‌ಆರ್ಮ್ ಆಗಿರುವಾಗ ಎಡ ಸ್ಟಿಕ್ಕನ್ನು ಕೆಳಗಿನ ಎಡ ಮೂಲೆಗೂ ಬಲ ಸ್ಟಿಕ್ಕನ್ನು ನೇರ ಕೆಳಕ್ಕೂ ಎಳೆದು ಹಿಡಿಯಬೇಕು. ಎಡ ಸ್ಟಿಕ್ ಮೇಲಿನ ಎಡ ಮೂಲೆಯಲ್ಲಿದ್ದರೆ ಅದು ಆಕ್ಸೆಲರೋಮೀಟರಿನ ಸಂಜ್ಞೆಯಾಗಿಬಿಡುತ್ತದೆ. ಇಳಿಜಾರಿನಲ್ಲಿ ನಿಂತು ಇವೆರಡನ್ನು ಅದಲುಬದಲು ಮಾಡಿದವರ ಡ್ರೋನ್ ಆಮೇಲೆ ವಾಲಿಯೇ ಹಾರುತ್ತದೆ. ಕಂಪ್ಯೂಟರಿಗೆ ಜೋಡಿಸಿ ಪರೀಕ್ಷಿಸುವಾಗ ಪ್ರೊಪೆಲ್ಲರ್‌ಗಳನ್ನು ಕಳಚಿಡುವುದು ಕಡ್ಡಾಯ ಎಂದು ಬೇರೆ ಹೇಳಬೇಕಿಲ್ಲವೆಂದು ಭಾವಿಸುತ್ತೇನೆ.

ಪ್ರಶ್ನೆ: ಭತ್ತದ ಗದ್ದೆಗಳಿಗೆ ಔಷಧಿ ಸಿಂಪಡಿಸುವ ಡ್ರೋನ್ ನಡೆಸುತ್ತೇನೆ. ನಮ್ಮಲ್ಲಿ ಬದುವಿನ ಮೇಲೆ ಸಮತಟ್ಟಾದ ಜಾಗ ಸಿಗುವುದು ಕಷ್ಟ. ಗೈರೊ ಕ್ಯಾಲಿಬ್ರೇಶನ್‌ಗೆ ನೆಲ ಮಟ್ಟವಾಗಿರಲೇಬೇಕೇ? ಕೆಲವೊಮ್ಮೆ ಟ್ರ್ಯಾಕ್ಟರಿನ ಟ್ರೈಲರ್ ಮೇಲಿಟ್ಟು ಆನ್ ಮಾಡುತ್ತೇವೆ, ಅದು ಸರಿಯೇ?
– ಓದುಗರು, ಸಿಂಧನೂರು

ಉತ್ತರ: ಗೈರೊಗೆ ನೆಲ ಮಟ್ಟವಾಗಿರಬೇಕಿಲ್ಲ. ಡ್ರೋನ್ ವಾಲಿರಲಿ, ಒಂದು ಕಾಲು ಹಳ್ಳದಲ್ಲಿರಲಿ, ಬೇಕಿದ್ದರೆ ತಲೆಕೆಳಗಾಗಿಯೇ ಇರಲಿ, ಅದು ತಿರುಗದೆ ಇದೆ ಎಂದಾದರೆ ಮೂರೂ ಅಕ್ಷಗಳ ನಿಜವಾದ ವೇಗ ಸೊನ್ನೆಯೇ. ಆದ್ದರಿಂದ ಬೇಕಾದದ್ದು ನಿಶ್ಚಲತೆ ಮಾತ್ರ. ಮಟ್ಟ ಬೇಕಾಗುವುದು ಆಕ್ಸೆಲರೋಮೀಟರಿಗೆ, ಏಕೆಂದರೆ ಅದು ಗುರುತ್ವಾಕರ್ಷಣೆಯ ದಿಕ್ಕನ್ನು ನೋಡಿ ‘ಕೆಳಗೆ’ ಯಾವುದೆಂದು ಕಂಡುಕೊಳ್ಳುತ್ತದೆ. ಆದರೆ ಆ ಕ್ಯಾಲಿಬ್ರೇಶನ್ನನ್ನು ಗದ್ದೆಯಲ್ಲಿ ಪ್ರತಿದಿನ ಮಾಡುವಂತಿಲ್ಲ, ಮಾಡಲೂಬಾರದು. ಮನೆಯ ಅಥವಾ ಶೆಡ್ಡಿನ ಗಟ್ಟಿ ನೆಲದ ಮೇಲೆ, ರಸಮಟ್ಟ ಇಟ್ಟು ನೋಡಿ, ಒಮ್ಮೆ ಸರಿಯಾಗಿ ಮಾಡಿದರೆ ಅದು ಮೆಮರಿಯಲ್ಲಿ ಉಳಿಯುತ್ತದೆ. ಗೈರೊ ಮತ್ತು ಆಕ್ಸೆಲರೋಮೀಟರ್ ಎರಡೂ ಒಂದೇ ಚಿಪ್ಪಿನಲ್ಲಿರುವುದರಿಂದ ಇವೆರಡರ ಕ್ಯಾಲಿಬ್ರೇಶನ್ನೂ ಒಂದೇ ಎಂಬ ತಿಳಿವಳಿಕೆ ವ್ಯಾಪಕವಾಗಿದೆ. ಬಂದ ಪತ್ರಗಳಲ್ಲಿ ಅರ್ಧದಷ್ಟು ಗೊಂದಲ ಇಲ್ಲಿಂದಲೇ ಹುಟ್ಟಿದೆ.

ಟ್ರೈಲರ್ ಮೇಲಿಡುವುದು ಇಂಜಿನ್ ಬಂದ್ ಆಗಿದ್ದು, ಯಾರೂ ಹತ್ತಿ ಇಳಿಯದಿದ್ದರೆ ತೊಂದರೆಯಿಲ್ಲ. ಇಂಜಿನ್ ಓಡುತ್ತಿದ್ದರೆ ಅದರ ನಡುಕ ಚಾಸಿಯ ಮೂಲಕ ಗೈರೊವರೆಗೆ ಬರುತ್ತದೆ. ಕೃಷಿ ಡ್ರೋನುಗಳಲ್ಲಿ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು: ತೋಳುಗಳು ಉದ್ದವಾಗಿದ್ದು, ಟ್ಯಾಂಕಿನಲ್ಲಿ ಅರ್ಧ ತುಂಬಿದ ದ್ರವ ತುಳುಕುತ್ತಿದ್ದರೆ ಗಾಳಿ ಬೀಸಿದಾಗ ಇಡೀ ಡ್ರೋನ್ ಕಣ್ಣಿಗೆ ಕಾಣದಷ್ಟು ತೂಗುತ್ತಿರುತ್ತದೆ. ಟ್ಯಾಂಕ್ ತುಂಬಿಸಿ, ಮುಚ್ಚಳ ಹಾಕಿ, ದ್ರವ ನಿಂತ ಮೇಲೆ ವಿದ್ಯುತ್ ಕೊಡಿ. ಗಾಳಿ ಜೋರಾಗಿದ್ದರೆ ಟ್ರೈಲರಿನ ಮರೆಯಲ್ಲಿ ನೆಲದ ಮೇಲಿಡಿ. ನಿಮ್ಮ ಯಂತ್ರದಲ್ಲಿ ಆರ್ಡುಪೈಲಟ್ ತಂತ್ರಾಂಶವಿದ್ದರೆ ಅದು ಬೀಟಾಫ್ಲೈಟ್‌ಗಿಂತ ಹೆಚ್ಚು ತಾಳ್ಮೆಯದು. ಕಾಲು ಸೆಕೆಂಡಿಗೊಂದರಂತೆ ಸರಾಸರಿ ತೆಗೆಯುತ್ತ, ಹಿಂದಿನ ಮತ್ತು ಈಗಿನ ಸರಾಸರಿಗಳ ನಡುವಿನ ಅಂತರ ಸೆಕೆಂಡಿಗೆ 0.1 ಡಿಗ್ರಿಗಿಂತ ಕಡಿಮೆಯಾಗುವವರೆಗೆ, ಗರಿಷ್ಠ 30 ಸೆಕೆಂಡು ಕಾಯುತ್ತದೆ. ಆ ನಡುವೆ ಆಕ್ಸೆಲರೋಮೀಟರ್ ಅಲುಗಾಟವನ್ನು ಕಂಡರೆ ಆ ತುಣುಕನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೆಂಪು ಮತ್ತು ನೀಲಿ ದೀಪಗಳು ಒಂದಾದ ಮೇಲೊಂದು ಮಿನುಗುತ್ತಿರುವಷ್ಟು ಹೊತ್ತು ಡ್ರೋನನ್ನು ಯಾರೂ ಮುಟ್ಟದಂತೆ ನೋಡಿಕೊಂಡರೆ ಸಾಕು.

ಪ್ರಶ್ನೆ: ಭೂಮಿ ಕೂಡ ತಿರುಗುತ್ತಿದೆಯಲ್ಲವೇ? ಹಾಗಿದ್ದರೆ ನೆಲದ ಮೇಲಿಟ್ಟ ಡ್ರೋನ್ ನಿಜವಾಗಿ ನಿಶ್ಚಲವಲ್ಲ. ಅದರ ಗೈರೊಗೆ ಭೂಮಿಯ ತಿರುಗುವಿಕೆ ಗೊತ್ತಾಗುತ್ತದೆಯೇ?
– ಹತ್ತನೇ ತರಗತಿ ವಿದ್ಯಾರ್ಥಿನಿ, ಮೈಸೂರು

ಉತ್ತರ: ನಿನ್ನ ತರ್ಕ ಸರಿಯಾಗಿಯೇ ಇದೆ. ಭೂಮಿ ಗಂಟೆಗೆ ಸುಮಾರು 15 ಡಿಗ್ರಿ, ಅಂದರೆ ಸೆಕೆಂಡಿಗೆ 0.0042 ಡಿಗ್ರಿಯಷ್ಟು ತಿರುಗುತ್ತದೆ. ಡ್ರೋನಿನ ಗೈರೊದ ಶೂನ್ಯ ದೋಷ ಇದರ ನೂರಾರು ಪಟ್ಟು ಇರುವುದರಿಂದ ಭೂಮಿಯ ಪಾಲು ಅದರಲ್ಲಿ ಮುಳುಗಿಹೋಗುತ್ತದೆ. ಕ್ಯಾಲಿಬ್ರೇಶನ್ ಮಾಡಿದಾಗ ದೋಷದ ಜೊತೆಗೆ ಭೂಮಿಯ ತಿರುಗುವಿಕೆಯನ್ನೂ ಸೇರಿಸಿಯೇ ಕಳೆದುಬಿಡುತ್ತೇವೆ ಎಂಬುದು ಸ್ವಾರಸ್ಯದ ಸಂಗತಿ. ವಿಮಾನಗಳಲ್ಲಿ ಬಳಸುವ ರಿಂಗ್ ಲೇಸರ್ ಗೈರೊಗಳಿಗೆ ಈ ವೇಗ ಸ್ಪಷ್ಟವಾಗಿ ಕಾಣುತ್ತದೆ. ನಿಲ್ದಾಣದಲ್ಲಿ ನಿಂತಿರುವಾಗಲೇ ಅವು ಭೂಮಿಯ ತಿರುಗುವಿಕೆಯ ದಿಕ್ಕಿನಿಂದ ಉತ್ತರ ಯಾವ ಕಡೆಗೆಂದು ಕಂಡುಕೊಳ್ಳುತ್ತವೆ. ಫ್ರಾನ್ಸಿನ ಲಿಯೋನ್ ಫೂಕೊ 1852ರಲ್ಲಿ ಗೈರೊಸ್ಕೋಪನ್ನು ತಯಾರಿಸಿದ್ದೇ ಭೂಮಿ ತಿರುಗುತ್ತಿರುವುದನ್ನು ಕೋಣೆಯೊಳಗೆ ತೋರಿಸುವುದಕ್ಕೆ.

ಪ್ರಶ್ನೆ: ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಉಪನ್ಯಾಸಕನಾಗಿದ್ದೇನೆ. ಎಂಪಿಯು-6050 ಮಾಡ್ಯೂಲ್ ಮತ್ತು ಆರ್ಡುಯಿನೊ ಎಂಬ ಪುಟ್ಟ ಪ್ರೋಗ್ರಾಂ ಬೋರ್ಡ್ ಬಳಸಿ ಗೈರೊ ಕ್ಯಾಲಿಬ್ರೇಶನ್ ಪ್ರಯೋಗವನ್ನು ವಿದ್ಯಾರ್ಥಿಗಳಿಂದ ಮಾಡಿಸಬೇಕೆಂದಿದ್ದೇನೆ. ಸಾವಿರ ಅಂಕಿಗಳ ಸರಾಸರಿ ತೆಗೆಯುವುದಷ್ಟೇ ಆದರೆ ಪ್ರಯೋಗ ಸಪ್ಪೆಯಾಗುತ್ತದೆ. ದುಬಾರಿ ಉಪಕರಣವಿಲ್ಲದೆ ಇನ್ನೇನು ಮಾಡಿಸಬಹುದು?
– ಉಪನ್ಯಾಸಕರು, ಹುಬ್ಬಳ್ಳಿ

ಉತ್ತರ: ಸರಾಸರಿ ತೆಗೆಯುವುದರಲ್ಲೇ ಒಂದು ಒಳ್ಳೆಯ ಪ್ರಶ್ನೆ ಅಡಗಿದೆ. ಎಷ್ಟು ಅಂಕಿಗಳು ಸಾಕು? ಅಂಕಿಗಳ ಸಂಖ್ಯೆ ಹೆಚ್ಚಿದಂತೆ ಸರಾಸರಿಯಲ್ಲಿನ ಅನಿಶ್ಚಿತತೆ ಆ ಸಂಖ್ಯೆಯ ವರ್ಗಮೂಲದ ಪ್ರಮಾಣದಲ್ಲಿ ಕುಗ್ಗುತ್ತದೆ ಎಂದು ಪಠ್ಯಪುಸ್ತಕ ಹೇಳುತ್ತದೆ. ಒಂದೊಂದು ಅಂಕಿಯ ಗದ್ದಲ ಸೆಕೆಂಡಿಗೆ 0.05 ಡಿಗ್ರಿಯಷ್ಟಿದ್ದರೆ ಸಾವಿರ ಅಂಕಿಗಳ ಸರಾಸರಿಯಲ್ಲಿ ಅದು 0.0016ಕ್ಕೆ ಇಳಿಯಬೇಕು. ವಿದ್ಯಾರ್ಥಿಗಳು ಹತ್ತು, ನೂರು, ಸಾವಿರ, ಹತ್ತು ಸಾವಿರ, ಲಕ್ಷ ಅಂಕಿಗಳ ಸರಾಸರಿಗಳನ್ನು ಹಲವು ಬಾರಿ ತೆಗೆದು ಹೋಲಿಸಿದರೆ, ಒಂದು ಹಂತದವರೆಗೆ ಈ ನಿಯಮ ನಡೆದು, ಆಮೇಲೆ ಸುಧಾರಣೆ ನಿಂತುಹೋಗುವುದನ್ನು ಕಾಣುತ್ತಾರೆ. ಕಾರಣ, ಅಳೆಯುತ್ತಿರುವ ಶೂನ್ಯವೇ ಅಷ್ಟು ಹೊತ್ತಿಗೆ ಜಾರಲು ತೊಡಗಿರುತ್ತದೆ. ಪರಮಾಣು ಗಡಿಯಾರಗಳ ಸ್ಥಿರತೆಯನ್ನು ಅಳೆಯಲು ಡೇವಿಡ್ ಅಲನ್ 1966ರಲ್ಲಿ ಮಂಡಿಸಿದ ಲೆಕ್ಕದ ವಿಧಾನವನ್ನೇ ಇಂದು ಗೈರೊಗಳ ಗುಣಮಟ್ಟ ತಿಳಿಯಲೂ ಬಳಸುತ್ತಾರೆ. ಅಂತಿಮ ವರ್ಷದ ಪ್ರಾಜೆಕ್ಟಿಗೆ ಅದು ತಕ್ಕ ವಿಷಯ. ಫ್ಲೈಟ್ ಕಂಟ್ರೋಲರಿನ ತಂತ್ರಾಂಶಗಳು ಒಂದೆರಡು ಸೆಕೆಂಡಿಗೆ ತೃಪ್ತಿಪಡುವುದು ಅವಸರದಿಂದಲ್ಲ, ಅದಕ್ಕಿಂತ ಹೆಚ್ಚು ಕಾದರೆ ಸಿಗುವ ಲಾಭ ಅಲ್ಪ ಎಂಬ ಕಾರಣದಿಂದ ಎಂಬುದು ಈ ಪ್ರಯೋಗದಿಂದ ಅವರಿಗೇ ಮನವರಿಕೆಯಾಗುತ್ತದೆ.

ಎರಡನೆಯದು ಮಾಪಕಾಂಕದ ಪರೀಕ್ಷೆ. ನಿಶ್ಚಲ ಸ್ಥಿತಿಯಲ್ಲಿ ಮಾಡುವ ಕ್ಯಾಲಿಬ್ರೇಶನ್ ಶೂನ್ಯವನ್ನು ಸರಿಪಡಿಸುತ್ತದೆಯೇ ಹೊರತು, ಒಂದು ಡಿಗ್ರಿಗೆ ನಿಜವಾಗಿ ಎಷ್ಟು ಎಣಿಕೆ ಬರುತ್ತಿದೆ ಎಂಬುದನ್ನು, ಅಂದರೆ ಮಾಪಕಾಂಕವನ್ನು, ಹೇಳುವುದಿಲ್ಲ. ಎಂಪಿಯು-6050ರಲ್ಲಿ ಇದು ಶೇಕಡಾ 3ರಷ್ಟು ಆಚೀಚೆ ಇರಬಹುದು. ಇದನ್ನು ಅಳೆಯಲು ಗೊತ್ತಿರುವ ವೇಗದಲ್ಲಿ ತಿರುಗುವ ವೇದಿಕೆ ಬೇಕು, ಮತ್ತು ಅಂಥದ್ದೊಂದು ಅನೇಕ ಹಳೆಯ ಮನೆಗಳ ಅಟ್ಟದಲ್ಲಿ ಸಿಗುತ್ತದೆ: ಗ್ರಾಮಫೋನ್ ರೆಕಾರ್ಡ್ ಪ್ಲೇಯರ್. ನಿಮಿಷಕ್ಕೆ 33⅓ ಸುತ್ತು ಎಂದರೆ ಸರಿಯಾಗಿ ಸೆಕೆಂಡಿಗೆ 200 ಡಿಗ್ರಿ. 45 ಸುತ್ತಿನ ವೇಗ 270 ಡಿಗ್ರಿ, 78 ಸುತ್ತಿನದು 468 ಡಿಗ್ರಿ. ಚಿಪ್ಪನ್ನು ಸೆಕೆಂಡಿಗೆ 500 ಡಿಗ್ರಿಯ ವ್ಯಾಪ್ತಿಗೆ ಹೊಂದಿಸಿದರೆ ಪ್ರತಿ ಡಿಗ್ರಿಗೆ 65.5 ಎಣಿಕೆಯಂತೆ ಈ ಮೂರು ವೇಗಗಳಿಗೆ 13,100, 17,685 ಮತ್ತು 30,654 ಎಣಿಕೆಗಳು ಬರಬೇಕು. ಬಂದ ಅಂಕಿಗಳನ್ನು ಗ್ರಾಫಿನಲ್ಲಿ ಗುರುತಿಸಿ ಗೆರೆ ಎಳೆದರೆ ಅದರ ಇಳಿಜಾರೇ ನಿಜವಾದ ಮಾಪಕಾಂಕ. 250 ಡಿಗ್ರಿಯ ವ್ಯಾಪ್ತಿಯಲ್ಲಿ ಇಟ್ಟು 45ರ ವೇಗಕ್ಕೆ ತಿರುಗಿಸಿದರೆ ಅಂಕಿ 32,767ಕ್ಕೆ ಬಂದು ಅಂಟಿಕೊಳ್ಳುವುದನ್ನೂ ತೋರಿಸಬಹುದು.

ಮಾಡ್ಯೂಲನ್ನು ತಟ್ಟೆಯ ನಡುವೆಯೇ ಇಡಬೇಕೆಂದಿಲ್ಲ. ಗಟ್ಟಿ ತಟ್ಟೆಯ ಯಾವ ಬಿಂದುವಿನಲ್ಲೂ ಕೋನವೇಗ ಒಂದೇ ಆಗಿರುತ್ತದೆ, ಅಂಚಿಗೆ ಸರಿದಷ್ಟೂ ಬದಲಾಗುವುದು ಆಕ್ಸೆಲರೋಮೀಟರಿನ ಅಂಕಿ ಮಾತ್ರ. ಇದನ್ನೂ ಅವರು ಅಳೆದೇ ನೋಡಲಿ. ತಂತಿ ಸುತ್ತಿಕೊಳ್ಳದಂತೆ ಬ್ಲೂಟೂತ್ ಇರುವ ಬೋರ್ಡನ್ನು ಚಿಕ್ಕ ಬ್ಯಾಟರಿಯೊಂದಿಗೆ ತಟ್ಟೆಗೆ ಅಂಟಿಸಿ. ಹಳೆಯ ಯಂತ್ರದ ವೇಗ ಸರಿಯಿದೆಯೇ ಎಂಬ ಸಂದೇಹವಿದ್ದರೆ ಸ್ಟಾಪ್‌ವಾಚ್ ಹಿಡಿದು ನೂರು ಸುತ್ತು ಎಣಿಸಿ. 33⅓ರ ವೇಗದಲ್ಲಿ ಅದಕ್ಕೆ 180 ಸೆಕೆಂಡು ಹಿಡಿಯಬೇಕು.

ರೆಕಾರ್ಡ್ ಪ್ಲೇಯರ್ ಸಿಗದಿದ್ದರೆ ಇನ್ನೂ ಸರಳವಾದ ದಾರಿಯಿದೆ. ಮೇಜಿಗೆ ಒಂದು ಮರದ ಪಟ್ಟಿಯನ್ನು ಬಿಗಿದು, ಮಾಡ್ಯೂಲ್ ಅಂಟಿಸಿದ ಡಬ್ಬಿಯ ಒಂದು ಅಂಚನ್ನು ಅದಕ್ಕೆ ತಾಗಿಸಿ ಶೂನ್ಯ ತೆಗೆಯಿರಿ. ನಂತರ ಡಬ್ಬಿಯನ್ನು ಮೇಜಿನ ಮೇಲೆಯೇ ಕೈಯಿಂದ ಹತ್ತು ಸುತ್ತು ತಿರುಗಿಸಿ, ಅದೇ ಅಂಚನ್ನು ಮತ್ತೆ ಪಟ್ಟಿಗೆ ತಾಗಿಸಿ. ಆ ಅವಧಿಯ ವೇಗಗಳನ್ನು ಕಾಲದೊಂದಿಗೆ ಗುಣಿಸಿ ಕೂಡಿದರೆ 3600 ಡಿಗ್ರಿ ಬರಬೇಕು. ಕೈ ವೇಗವಾಗಿ ತಿರುಗಿತೋ ನಿಧಾನವಾಗಿ ತಿರುಗಿತೋ ಎಂಬುದು ಇಲ್ಲಿ ಮುಖ್ಯವಲ್ಲ, ವ್ಯಾಪ್ತಿಯನ್ನು ಮೀರದಿದ್ದರೆ ಸಾಕು. ಉತ್ತರ 3510 ಎಂದು ಬಂದರೆ ಚಿಪ್ಪು ಶೇಕಡಾ 2.5ರಷ್ಟು ಕಡಿಮೆ ಹೇಳುತ್ತಿದೆ ಎಂದರ್ಥ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಮಾಡಿಸಿ ಹೋಲಿಸಿದರೆ ಶೂನ್ಯ ದೋಷ ಉಳಿದಿದೆಯೇ ಎಂಬುದೂ ತಿಳಿಯುತ್ತದೆ, ಏಕೆಂದರೆ ಮಾಪಕಾಂಕದ ತಪ್ಪು ಎರಡೂ ಕಡೆಗೆ ಸಮನಾಗಿರುತ್ತದೆ, ಶೂನ್ಯದ ತಪ್ಪು ಒಂದು ಕಡೆಯ ಮೊತ್ತವನ್ನು ಹಿಗ್ಗಿಸಿ ಇನ್ನೊಂದು ಕಡೆಯದನ್ನು ಕುಗ್ಗಿಸುತ್ತದೆ. ತಾವು ಈ ಒಂದು ಪ್ರಯೋಗವನ್ನಷ್ಟೇ ಮಾಡಿಸಿದರೂ ತರಗತಿ ಸಪ್ಪೆಯಾಗಲಾರದು.

ಪ್ರಶ್ನೆ: ಬ್ಯಾಟರಿ ಜೋಡಿಸಿದಾಗ ಎಲ್ಲ ಸರಿಯಿರುತ್ತದೆ. ನಾಲ್ಕೈದು ನಿಮಿಷ ಹಾರಿದ ಮೇಲೆ ಡ್ರೋನ್ ನಿಧಾನವಾಗಿ ಒಂದು ಕಡೆಗೆ ತಿರುಗಲು ಶುರುಮಾಡುತ್ತದೆ, ಕೆಲವೊಮ್ಮೆ ಕ್ಷಿತಿಜದ ಗೆರೆ ವಾಲುತ್ತದೆ. ಎಷ್ಟು ಬಾರಿ ಕ್ಯಾಲಿಬ್ರೇಶನ್ ಮಾಡಿದರೂ ಅದೇ ಕಥೆ. ಸೆನ್ಸರ್ ಹಾಳಾಗಿದೆಯೇ? ಇನ್ನೊಂದು ಪ್ರಶ್ನೆ: ಸ್ನೇಹಿತರು ಮಲ್ಪೆಯಲ್ಲಿ ದೋಣಿಯ ಮೇಲಿಂದ ಹಾರಿಸಿ ವಿಡಿಯೊ ತೆಗೆಯಲು ಕರೆಯುತ್ತಿದ್ದಾರೆ. ಅಲುಗಾಡುವ ದೋಣಿಯಲ್ಲಿ ಗೈರೊ ಕ್ಯಾಲಿಬ್ರೇಶನ್ ಆಗುತ್ತದೆಯೇ?
– ಓದುಗರು, ಉಡುಪಿ

ಉತ್ತರ: ಆರಂಭದಲ್ಲಿ ಸರಿಯಿದ್ದು ಆಮೇಲೆ ಕೆಡುತ್ತದೆ ಎಂದರೆ, ನೀವು ಕಳೆದ ಶೂನ್ಯ ಆ ಕ್ಷಣಕ್ಕೆ ಸರಿಯಾಗಿದ್ದು ಆಮೇಲೆ ಬದಲಾಗಿದೆ. ಬದಲಾಯಿಸುವ ಕಾರಣಗಳು ಮುಖ್ಯವಾಗಿ ಎರಡು, ಉಷ್ಣತೆ ಮತ್ತು ಕಂಪನ. ಇವೆರಡನ್ನು ಬೇರ್ಪಡಿಸಿ ನೋಡದೆ ಸೆನ್ಸರ್ ಮೇಲೆ ಅಪವಾದ ಹೊರಿಸುವುದು ಬೇಡ.

ಮೊದಲು ಪ್ರೊಪೆಲ್ಲರ್ ಕಳಚಿ, ಡ್ರೋನನ್ನು ಮೇಜಿನ ಮೇಲಿಟ್ಟು ಕಂಪ್ಯೂಟರಿಗೆ ಜೋಡಿಸಿ, ಬ್ಯಾಟರಿಯನ್ನೂ ಕೊಟ್ಟು, ಪರದೆಯಲ್ಲಿ ಕಾಣುವ ಡ್ರೋನಿನ ಚಿತ್ರವನ್ನು ಹತ್ತು ನಿಮಿಷ ಗಮನಿಸಿ. ಮುಟ್ಟದಿದ್ದರೂ ಆ ಚಿತ್ರ ನಿಧಾನವಾಗಿ ತಿರುಗುತ್ತಿದ್ದರೆ ಕಾರಣ ಉಷ್ಣತೆ. ಫ್ಲೈಟ್ ಕಂಟ್ರೋಲರಿನ ಪ್ರೊಸೆಸರು ಮತ್ತು ಅದರ ಕೆಳಗೆ ಅಡಕವಾಗಿರುವ ವಿಡಿಯೊ ಟ್ರಾನ್ಸ್‌ಮಿಟರು ಬಿಸಿಯಾಗುತ್ತ ಹೋದಂತೆ ಗೈರೊ ಕೂಡ ಕಾಯುತ್ತದೆ, ಮತ್ತು ತಣ್ಣಗಿದ್ದಾಗ ತೆಗೆದ ಶೂನ್ಯ ಕಾದಾಗ ಹೊಂದುವುದಿಲ್ಲ. ಇದಕ್ಕೆ ಸುಲಭವಾದ ಪರಿಹಾರವೆಂದರೆ, ವಿದ್ಯುತ್ ಕೊಟ್ಟು ಎರಡು ಮೂರು ನಿಮಿಷ ಬಿಟ್ಟು, ಸ್ಟಿಕ್ ಸಂಜ್ಞೆಯಿಂದ ಇನ್ನೊಮ್ಮೆ ಶೂನ್ಯ ತೆಗೆದು ಹಾರಿಸುವುದು. ವಿಡಿಯೊ ಟ್ರಾನ್ಸ್‌ಮಿಟರು ಗಾಳಿಯಿಲ್ಲದೆ ಬಹಳ ಕಾಯುವಂಥದ್ದಾದರೆ ಅಷ್ಟು ಹೊತ್ತು ಅದರ ಶಕ್ತಿಯನ್ನು ಕಡಿಮೆ ಮಟ್ಟದಲ್ಲಿಡಿ. ದೊಡ್ಡ ಡ್ರೋನುಗಳ ಪಿಕ್ಸ್‌ಹಾಕ್ ಬಗೆಯ ಕೆಲವು ಬೋರ್ಡುಗಳಲ್ಲಿ ಸೆನ್ಸರನ್ನು ಒಂದೇ ಉಷ್ಣತೆಯಲ್ಲಿಡುವ ಪುಟ್ಟ ಹೀಟರೇ ಇರುತ್ತದೆ. ಆರ್ಡುಪೈಲಟ್ 4.1ರಿಂದೀಚೆಗೆ, ತಣ್ಣಗಿರುವ ಸ್ಥಿತಿಯಿಂದ ಬಿಸಿಯಾಗುವವರೆಗಿನ ಶೂನ್ಯದ ಬದಲಾವಣೆಯನ್ನು ಕಲಿತು ನೆನಪಿಟ್ಟುಕೊಳ್ಳುವ ಸೌಲಭ್ಯವೂ ಇದೆ.

ಮೇಜಿನ ಮೇಲೆ ಚಿತ್ರ ಅಲುಗದೆ ನಿಂತು, ಹಾರಿದಾಗ ಮಾತ್ರ ವಾಲುತ್ತಿದ್ದರೆ ಕಂಪನವನ್ನು ಅನುಮಾನಿಸಬೇಕು. ಕಂಪನ ಎರಡು ಬದಿಗೂ ಸಮನಾಗಿ ಆಗುವುದರಿಂದ ಸರಾಸರಿ ಸೊನ್ನೆಯೇ ಆಗಬೇಕಲ್ಲ ಎನಿಸಬಹುದು. ಹಾಗಾಗುವುದಿಲ್ಲ, ಜೋರಾದ ಕಂಪನದಲ್ಲಿ ಚಿಪ್ಪಿನ ಒಳರಚನೆಯ ಸಣ್ಣ ಅಸಮತೆಗಳು ಒಂದು ಕಡೆಗಿನ ಸ್ಥಿರ ದೋಷವಾಗಿ ಹೊರಬೀಳುತ್ತವೆ. ಶಬ್ದದಿಂದ ಕೂಡ ಗೈರೊವನ್ನು ಕೆಡಿಸಬಹುದು ಎಂಬುದನ್ನು ದಕ್ಷಿಣ ಕೊರಿಯಾದ ಕೈಸ್ಟ್ ಸಂಸ್ಥೆಯ ಸಂಶೋಧಕರು 2015ರಲ್ಲಿ ತೋರಿಸಿದ್ದರು. ಚಿಪ್ಪಿನ ಅನುರಣನ ಆವರ್ತನಕ್ಕೆ ಹೊಂದುವ ಶಬ್ದವನ್ನು ಹಾಯಿಸಿ ಅವರು ಡ್ರೋನನ್ನು ನೆಲಕ್ಕೆ ಬೀಳಿಸಿದ್ದರು. ನಿಮ್ಮ ಡ್ರೋನಿನಲ್ಲಿ ಹುಡುಕಬೇಕಾದದ್ದು ಇಷ್ಟು ವಿಚಿತ್ರವಾದದ್ದಲ್ಲ. ಅಂಚು ಮುಕ್ಕಾದ ಪ್ರೊಪೆಲ್ಲರ್, ಬಾಗಿದ ಮೋಟರ್ ಶಾಫ್ಟ್, ಸಡಿಲವಾದ ತೋಳಿನ ಸ್ಕ್ರೂ, ಇವನ್ನು ಮೊದಲು ನೋಡಿ. ಆಮೇಲೆ ಫ್ಲೈಟ್ ಕಂಟ್ರೋಲರಿನ ನಾಲ್ಕು ಮೂಲೆಗಳ ರಬ್ಬರ್ ಬುಷ್‌ಗಳನ್ನು ಪರೀಕ್ಷಿಸಿ. ನಟ್ಟುಗಳನ್ನು ಬಿಗಿಯಾಗಿ ತಿರುಗಿಸಿ ರಬ್ಬರನ್ನು ಅಪ್ಪಚ್ಚಿ ಮಾಡಿದ್ದರೆ ಅದು ಇದ್ದೂ ಇಲ್ಲದಂತೆ, ಅಲ್ಲದೆ ಬೋರ್ಡ್ ಬಾಗಿ ಗೈರೊ ಮೇಲೆ ಒತ್ತಡ ಬಿದ್ದು ಶೂನ್ಯವೇ ಸರಿಯುತ್ತದೆ. ಬ್ಯಾಟರಿಯ ದಪ್ಪ ತಂತಿ ಬೋರ್ಡಿಗೆ ಒರಗಿಕೊಂಡಿದ್ದರೂ ಕಂಪನ ರಬ್ಬರನ್ನು ತಪ್ಪಿಸಿ ನೇರವಾಗಿ ಒಳಗೆ ಬರುತ್ತದೆ. ಬಹಳ ಜನ ಇದನ್ನು ಗಮನಿಸುವುದೇ ಇಲ್ಲ. ಆರ್ಡುಪೈಲಟ್ ಬಳಸುವವರು ಹಾರಾಟದ ಲಾಗ್‌ನಲ್ಲಿ ಕಂಪನದ ಅಂಕಿಗಳನ್ನು ನೋಡಬಹುದು: ಪ್ರತಿ ಸೆಕೆಂಡಿಗೆ ಸೆಕೆಂಡಿಗೆ 30 ಮೀಟರಿಗಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ, 60 ದಾಟಿದರೆ ತೊಂದರೆ ಬಹುತೇಕ ಖಚಿತ.

ವಾಲುವುದಕ್ಕೂ ತಿರುಗುವುದಕ್ಕೂ ಇರುವ ಒಂದು ವ್ಯತ್ಯಾಸ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸ್ವಯಂ ಮಟ್ಟ ಕಾಯ್ದುಕೊಳ್ಳುವ ಮೋಡ್‌ನಲ್ಲಿ ರೋಲ್ ಮತ್ತು ಪಿಚ್‌ಗಳ ಸಣ್ಣ ದೋಷವನ್ನು ಆಕ್ಸೆಲರೋಮೀಟರ್ ಗುರುತ್ವಾಕರ್ಷಣೆಯ ಸಹಾಯದಿಂದ ತಿದ್ದುತ್ತಿರುತ್ತದೆ. ಯಾ ಅಕ್ಷ ಮಾತ್ರ ಗುರುತ್ವದ ದಿಕ್ಕಿನ ಸುತ್ತಲೇ ತಿರುಗುವುದರಿಂದ ಆಕ್ಸೆಲರೋಮೀಟರಿಗೆ ಅದು ಕಾಣುವುದಿಲ್ಲ. ದಿಕ್ಸೂಚಿ ಅಥವಾ ಜಿಪಿಎಸ್ ಇಲ್ಲದ ಡ್ರೋನಿನಲ್ಲಿ ಗೈರೊ ಹೇಳಿದ್ದೇ ಅಂತಿಮ. ಆದ್ದರಿಂದ ಬರೀ ತಿರುಗುತ್ತಿದ್ದರೆ ಗೈರೊದ ಶೂನ್ಯವನ್ನೂ, ಯಾವಾಗಲೂ ಒಂದೇ ಬದಿಗೆ ವಾಲುತ್ತಿದ್ದರೆ ಮೊದಲು ಆಕ್ಸೆಲರೋಮೀಟರಿನ ಮಟ್ಟವನ್ನೂ ಸಂಶಯಿಸಬೇಕು. ನಿಮ್ಮಲ್ಲಿ ಎರಡೂ ಇರುವುದರಿಂದ ಕಂಪನದ ಕಡೆಗೇ ನನ್ನ ಒಲವು.

ದೋಣಿಯ ವಿಚಾರ ನಿಜಕ್ಕೂ ಕಷ್ಟದ್ದು. ಅಲೆಯಲ್ಲಿ ಮೇಲೆ ಕೆಳಗೆ ತೂಗುತ್ತಿದ್ದರೆ ತಂತ್ರಾಂಶ ಅದನ್ನು ಗುರುತಿಸಿ ಕ್ಯಾಲಿಬ್ರೇಶನ್ ಮುಗಿಸುವುದಿಲ್ಲ, ಅದು ಒಳ್ಳೆಯದೇ. ಅಪಾಯವಿರುವುದು ಶಾಂತವಾದ ನೀರಿನಲ್ಲಿ. ಲಂಗರು ಹಾಕಿದ ದೋಣಿ ಸೆಕೆಂಡಿಗೆ ಒಂದೆರಡು ಡಿಗ್ರಿಯಂತೆ ನಿಧಾನವಾಗಿ, ಒಂದೇ ಸಮನಾಗಿ ಸುತ್ತುತ್ತಿದ್ದರೆ ಗೈರೊದ ಅಂಕಿಗಳು ಚದುರುವುದಿಲ್ಲ. ಮಾನಕ ವಿಚಲನೆ ಚಿಕ್ಕದಾಗಿಯೇ ಇರುತ್ತದೆ. ಆಕ್ಸೆಲರೋಮೀಟರಿಗೂ ವ್ಯತ್ಯಾಸ ಕಾಣುವುದಿಲ್ಲ. ತಂತ್ರಾಂಶ ಆ ತಿರುಗುವಿಕೆಯನ್ನೇ ಶೂನ್ಯವೆಂದು ಒಪ್ಪಿಕೊಂಡು ಮುಗಿಯಿತೆಂದು ಸೂಚಿಸುತ್ತದೆ, ದೋಣಿಯಿಂದ ಮೇಲೇರಿದ ಡ್ರೋನು ಗಾಳಿಯಲ್ಲಿಯೂ ದೋಣಿಯಂತೆಯೇ ಸುತ್ತುತ್ತದೆ. ಹೊರಡುವ ಮುನ್ನ ದಡದಲ್ಲಿಯೇ ವಿದ್ಯುತ್ ಕೊಟ್ಟು, ಕ್ಯಾಲಿಬ್ರೇಶನ್ ಮುಗಿಸಿ, ಬ್ಯಾಟರಿ ತೆಗೆಯದೆ ದೋಣಿ ಹತ್ತುವುದು ಒಂದು ದಾರಿ. ಬ್ಯಾಟರಿ ಬದಲಿಸಬೇಕಾಗಿ ಬಂದರೆ ಅದು ನಡೆಯುವುದಿಲ್ಲ. ಆರ್ಡುಪೈಲಟ್‌ನಲ್ಲಿ ‘ಐಎನ್ಎಸ್ ಗೈರ್ ಕ್ಯಾಲ್’ ಎಂಬ ಸೆಟ್ಟಿಂಗನ್ನು 0ಗೆ ಇಟ್ಟರೆ ಪ್ರತಿ ಬಾರಿ ಹೊಸದಾಗಿ ಅಳೆಯದೆ ಉಳಿಸಿಟ್ಟ ಶೂನ್ಯವನ್ನೇ ಬಳಸುತ್ತದೆ, ಉಳಿದ ಅಲ್ಪ ದೋಷವನ್ನು ಹಾರಾಟದಲ್ಲಿ ದಿಕ್ಸೂಚಿ ಮತ್ತು ಜಿಪಿಎಸ್ ನೆರವಿನಿಂದ ತಾನೇ ಅಂದಾಜಿಸಿಕೊಳ್ಳುತ್ತದೆ. ದೋಣಿಯಿಂದ ಹಾರಿಸುವವರಿಗೆ ನಾನು ಸೂಚಿಸುವುದು ಇದನ್ನೇ. ಬೀಟಾಫ್ಲೈಟ್ ಡ್ರೋನಾದರೆ ಸ್ನೇಹಿತರಿಗೆ ದಡದಿಂದಲೇ ಹಾರಿಸುವುದಾಗಿ ಹೇಳಿ.

ಪ್ರಶ್ನೆ: ಮದುವೆಗಳಲ್ಲಿ ಚಿತ್ರೀಕರಣಕ್ಕೆ ಸಿದ್ಧ ಕ್ಯಾಮೆರಾ ಡ್ರೋನ್ ಬಳಸುತ್ತೇನೆ. ಅದರ ಆ್ಯಪ್‌ನಲ್ಲಿ ಐಎಂಯು ಕ್ಯಾಲಿಬ್ರೇಶನ್ ಎಂಬುದಿದೆ. ಪ್ರತಿ ಕಾರ್ಯಕ್ರಮಕ್ಕೂ ಮುನ್ನ ಮಾಡಬೇಕೇ?
– ಛಾಯಾಗ್ರಾಹಕರು, ಶಿವಮೊಗ್ಗ

ಉತ್ತರ: ಬೇಡ. ಐಎಂಯು ಎಂದರೆ ಗೈರೊ ಮತ್ತು ಆಕ್ಸೆಲರೋಮೀಟರ್ ಎರಡೂ ಸೇರಿದ ಘಟಕ. ಆ್ಯಪ್ ಡ್ರೋನನ್ನು ಬೇರೆ ಬೇರೆ ಮಗ್ಗುಲಾಗಿ ಇಡಲು ಹೇಳುವುದು ಆಕ್ಸೆಲರೋಮೀಟರಿಗಾಗಿ. ಆ್ಯಪ್ ತಾನಾಗಿ ಕೇಳಿದಾಗ, ಡ್ರೋನ್ ಬಿದ್ದು ಪೆಟ್ಟಾದ ಮೇಲೆ, ಅಥವಾ ತಂತ್ರಾಂಶ ನವೀಕರಿಸಿದ ನಂತರ ನಡವಳಿಕೆ ಬದಲಾದರೆ ಮಾಡಿದರೆ ಸಾಕು. ಮಾಡುವಾಗ ಡ್ರೋನ್ ತಣ್ಣಗಿರಲಿ, ಮನೆಯ ಗಟ್ಟಿ ನೆಲದ ಮೇಲಿರಲಿ. ಛತ್ರದ ಅಂಗಳದಲ್ಲಿ, ವಾದ್ಯದವರ ಡೋಲು ಪಕ್ಕದಲ್ಲೇ ಬಾರಿಸುತ್ತಿರುವಾಗ, ಅಲುಗಾಡುವ ಪ್ಲಾಸ್ಟಿಕ್ ಕುರ್ಚಿಯ ಮೇಲಿಟ್ಟು ಮಾಡುವುದಕ್ಕಿಂತ ಮಾಡದೆ ಬಿಡುವುದೇ ಲೇಸು.